ಅಲ್ಗಾರಿದಮ್ ಪುಸ್ತಕ ಅಂಗಡ್ಯಾಗ ನಿಂತ ಹೆಂಗ ನೋಡಬೇಕು

(ಧಾರವಾಡದಾಗ ಎಂಜಿನಿಯರಿಂಗ್ ಹುಡುಗರು, ಡಿಪ್ಲೊಮಾದವ್ರು, ಬಿಸಿಎ ಓದೋರು, ಕೆಲಸಾ ಮಾಡ್ಕೋತ ಸಂಜೀಕ ಕಲಿಯೋರು ಕೂಡಿದ್ದ ಒಂದ ಸಭಾದಾಗ ಮಾತಾಡಿದ್ದನ್ನ ಹೆಚ್ಚುಕಮ್ಮಿ ಹಂಗೇ ಬರದೀನಿ. ಬೋರ್ಡಿನ ಮ್ಯಾಲ ಬಿಡಿಸಿದ್ದನ್ನ ಇಲ್ಲೆ ಮಾತಿನ್ಯಾಗ ಹೇಳೀನಿ, ಕಡೀಕ ಬಂದ ಪ್ರಶ್ನೆಗಳನ್ನೂ ಸೇರಿಸೀನಿ.)

ನಮಸ್ಕಾರ್ರಿ ಎಲ್ಲಾರಿಗೂ. ಸೀದಾ ವಿಷಯಕ್ಕ ಬರ್ತೀನಿ. "ಸರ್, ಡೇಟಾ ಸ್ಟ್ರಕ್ಚರ್ಸಿಗೆ ಯಾವ ಪುಸ್ತಕ ತಗೊಳ್ಳಲಿ?" ಅಂತ ಹುಡುಗರು ಕೇಳ್ತನೇ ಇರ್ತಾರ. ಡೇಟಾ ಸ್ಟ್ರಕ್ಚರ್ ಅಂದ್ರ ಮಾಹಿತಿ ಜೋಡಿಸಿ ಇಡೋ ರೀತಿ, ಅಲ್ಗಾರಿದಮ್ ಅಂದ್ರ ಅದರ ಮ್ಯಾಲ ಕೆಲಸಾ ಮಾಡೋ ಹೆಜ್ಜಿಗಳ ಕ್ರಮ. ಒಂದ ಹೆಸರು ಹೇಳಿ ಕೈ ತೊಳಕೋಬಹುದು, ಭಾಳ ಮಂದಿ ಹಂಗೇ ಮಾಡ್ತಾರ, ದಪ್ಪನ್ನ ಒಂದ ಪುಸ್ತಕದ ಹೆಸರು ಹೇಳಿ ಕಳಸ್ತಾರ, ಹುಡುಗ ರೊಕ್ಕ ಕೂಡಿಸಿ ಅದನ್ನ ತರ್ತಾನ, ಮೊದಲನೇ ಎರಡ ಚಾಪ್ಟರ್ ಓದ್ತಾನ, ಗಣಿತ ಬಂದ ಕೂಡ್ಲೇ ಮುಚ್ಚಿ ಇಡ್ತಾನ, ಆಮ್ಯಾಲ ಈ ಸಬ್ಜೆಕ್ಟ್ ನಂಗ ಒಗ್ಗೂದಲ್ಲ ಅಂತ ತಾನೇ ಷರಾ ಬರದ ಬಿಡ್ತಾನ. ಹುಡುಗನೂ ಛಲೋ ಇದ್ದ, ಪುಸ್ತಕಾನೂ ಛಲೋ ಇತ್ತು, ಇಬ್ಬರಿಗೂ ಜೋಡಿ ಆಗಲಿಲ್ಲ. ಇದನ್ನ ನೋಡಿದಾಗೆಲ್ಲಾ ನಂಗ ಖರೇನ ಸಂಕಟ ಆಗ್ತೈತಿ, ಯಾಕಂದ್ರ ಇಷ್ಟ ಚಂದದ ವಿಷಯ ಕಂಪ್ಯೂಟರ್ ಸೈನ್ಸಿನ್ಯಾಗ ಇನ್ನೊಂದಿಲ್ಲ, ಅದು ಕೈ ತಪ್ಪಿ ಹೋಗೂದು ಬರೇ ತಪ್ಪು ಪುಸ್ತಕ ಹಿಡದಿದ್ದಕ್ಕ.

ಅದಕ್ಕ ಇವತ್ತ ನಾ ಹೆಸರಿಗಿಂತಾ ಮೊದಲ ಬ್ಯಾರೆ ಒಂದ ಮಾತು ಹೇಳ್ತೀನಿ. ಪುಸ್ತಕದ ಹೆಸರು, ದಪ್ಪ, ಕವರಿನ ಹಿಂದ ಬರದ ಹೊಗಳಿಕಿ, ಇವ್ಯಾವೂ ನೋಡಬ್ಯಾಡ್ರಿ. ಅಂಗಡ್ಯಾಗರೆ ಲೈಬ್ರರ್ಯಾಗರೆ ನಿಂತು ಮೂರ್ನಾಕ ಜಾಗಾ ತೆರದ ನೋಡ್ರಿ. ಅಲ್ಲೆ ಆ ಪುಸ್ತಕ "ಹಿಂಗ ಮಾಡು" ಅಂತ ಅಷ್ಟೇ ಹೇಳ್ತೈತೋ, "ಹಿಂಗ ಯಾಕ ಮಾಡಬೇಕು, ಹಂಗ ಮಾಡಿದ್ರ ಎಲ್ಲೆ ಮುರೀತೈತಿ" ಅಂತನೂ ಹೇಳ್ತೈತೋ, ಅದನ್ನ ನೋಡ್ರಿ. ಎರಡನೇದನ್ನ ಹೇಳೋ ಪುಸ್ತಕ ತೆಳ್ಳಗಿದ್ರೂ ತಗೋರಿ, ಹೇಳದೇ ಇದ್ದದ್ದು ಸಾವಿರ ಪುಟ ಇದ್ರೂ ಬಿಡ್ರಿ.

ಇಷ್ಟ್ಯಾಕ ಪುಸ್ತಕದ ಬಗ್ಗೆ ತಲಿ ಕೆಡಿಸ್ಕೋಬೇಕು ಅಂತ ಕೇಳಬಹುದು. ನೋಡ್ರಿ, ನಮ್ಮ ಕೆಲಸದಾಗ ಉಳಿದಿದ್ದೆಲ್ಲಾ ಮೂರ್ನಾಕ ವರ್ಷಕ್ಕ ಹಳೇದಾಗ್ತೈತಿ, ಫ್ರೇಮ್‌ವರ್ಕ್ ಬದಲಾಗ್ತಾವ, ಟೂಲ್ ಬದಲಾಗ್ತಾವ. ಆದ್ರ ಸಂಖ್ಯೆ ಕ್ರಮಕ್ಕ ಜೋಡಿಸೋ ಮರ್ಜ್ ಸಾರ್ಟ್ ಜಾನ್ ವಾನ್ ನಾಯ್ಮನ್ ಬರದದ್ದು 1945ರಾಗ, ಡೈಕ್‌ಸ್ಟ್ರಾ ತನ್ನ ಶಾರ್ಟೆಸ್ಟ್ ಪಾತ್, ಅಂದ್ರ ಎಲ್ಲಕ್ಕಿಂತ ಸಣ್ಣ ದಾರಿ ಹುಡುಕೋ, ಅಲ್ಗಾರಿದಮ್ ಹೊಳಿಸಿಕೊಂಡದ್ದು 1956ರಾಗ, ಅಚ್ಚಾಗಿದ್ದು 1959ರಾಗ, ಟೋನಿ ಹೋರ್ ಕ್ವಿಕ್ ಸಾರ್ಟ್ ಪ್ರಕಟ ಮಾಡಿದ್ದು 1961ರಾಗ. ಇವತ್ತಿಗೂ ನಿಮ್ಮ ಫೋನಿನ್ಯಾಗ ಇವೇ ಓಡಾಕತ್ತಾವ. ಅಂದ್ರ ಈ ಒಂದ ವಿಷಯದಾಗ ಛಲೋ ಪುಸ್ತಕ ತಗೊಂಡ್ರ 20 ವರ್ಷ ಬರ್ತೈತಿ, ಮನ್ಯಾಗ ತಮ್ಮಗೂ ತಂಗಿಗೂ ಬರ್ತೈತಿ.

ಮೊದಲ ಏನ್ ಬ್ಯಾಡ ಅನ್ನೂದನ್ನ ಮುಗಿಸಿ ಬಿಡ್ತೀನಿ. ಪರೀಕ್ಷಾ ಮುಂದ ಜೆರಾಕ್ಸ್ ಅಂಗಡ್ಯಾಗ ಸಿಗೋ ಪಾಸಿಂಗ್ ಪ್ಯಾಕೇಜು, ಕ್ವೆಶ್ಚನ್ ಬ್ಯಾಂಕು, ಅವು ಪರೀಕ್ಷಾದ ಹಿಂದಿನ ರಾತ್ರಿಗೆ ಸರಿ, ಅವನ್ನ ನಾ ಬೈಯಂಗಿಲ್ಲ, ಆದ್ರ ಅವು ಟೆಕ್ಸ್ಟ್‌ಬುಕ್ ಅಲ್ಲ. ಆಮ್ಯಾಲ, ಸಿ ಭಾಷಾದ ಪುಸ್ತಕ ಆಗಿದ್ರ ಮೊದಲನೇ ಪ್ರೋಗ್ರಾಂ ನೋಡ್ರಿ. ಮ್ಯಾಲ ಕೋನಿಯೊ ಡಾಟ್ ಎಚ್ ಇದ್ದು, ಒಳಗ ವಾಯ್ಡ್ ಮೇನ್ ಇದ್ದು, ಕ್ಲಿಯರ್ ಸ್ಕ್ರೀನ್ ಮಾಡೋ ಸಾಲು ಇದ್ರ ಆ ಪುಸ್ತಕ ಡಾಸ್ ಕಾಲದ ಟರ್ಬೊ ಸಿ ಅನ್ನೂ ಹಳೇ ಕಂಪೈಲರ್ ಸಲುವಾಗಿ ಬರದದ್ದು ಅಂತ ತಿಳೀರಿ. ಆಗಿನ ಇಂಟ್, ಅಂದ್ರ ಪೂರ್ಣಾಂಕ ಇಡೋ ಜಾಗಾ, 2 ಬೈಟ್, 32767ರ ಮುಂದ ಹೋದ್ರ ಮೈನಸ್‌ಗೆ ಬಿದ್ದ ಬಿಡ್ತಿತ್ತು. ಸ್ಟ್ರಿಂಗ್ ಓದಾಕ ಗೆಟ್ಸ್ ಫಂಕ್ಷನ್ ಬಳಸಿದ್ರಂತೂ ಅಲ್ಲೇ ಮುಚ್ಚಿ ಇಡ್ರಿ, ಅದನ್ನ ಅಪಾಯ ಅಂತ 2011ರಾಗ ಸಿ ಸ್ಟ್ಯಾಂಡರ್ಡಿನಿಂದನೇ ತಗದ ಹಾಕ್ಯಾರ. ಹಳೇ ಪುಸ್ತಕ ಅಂತ ನನ್ನ ತಕರಾರಲ್ಲ, 1976ರ ಪುಸ್ತಕಾನೂ ಬಂಗಾರದಂಥಾವು ಅದಾವ. ಮತ್ತೆ ಮತ್ತೆ ಅಚ್ಚು ಹಾಕುವಾಗ ಯಾರೂ ಒಮ್ಮೆನೂ ಹೊಳ್ಳಿ ಓದಿ ನೋಡಿಲ್ಲ ಅನ್ನೂದಕ್ಕ ಅದು ಸಾಕ್ಷಿ, ನನ್ನ ತಕರಾರು ಅದು.

ಈಗ ತೆರದ ನೋಡೋ ಮೊದಲನೇ ಜಾಗಾ, ಬೈನರಿ ಸರ್ಚ್, ಅಂದ್ರ ಸಣ್ಣದ್ರಿಂದ ದೊಡ್ಡದಕ್ಕ ಜೋಡಿಸಿದ ಸಂಖ್ಯೆಯೊಳಗ ನಡುವಿಂದು ನೋಡಿ, ಪ್ರತಿ ಸಲ ಅರ್ಧಾ ಬಿಟ್ಟು ಹುಡುಕೂದು. ಎಲ್ಲಾರಿಗೂ ಗೊತ್ತಿದ್ದದ್ದು, ಹತ್ತ ಸಾಲಿನ ಪ್ರೋಗ್ರಾಂ. ಜಾನ್ ಬೆಂಟ್ಲಿ ಅನ್ನೋರು ಕೆಲಸದಾಗಿದ್ದ ಪ್ರೋಗ್ರಾಮರ್‌ಗಳಿಗೇ ಇದನ್ನ ಬರೀರಿ ಅಂತ ಕೊಟ್ಟು, ಬೇಕಾದಷ್ಟ ವ್ಯಾಳ್ಯಾನೂ ಕೊಟ್ಟು ನೋಡಿದ್ರು, ಬಹುತೇಕ ಎಲ್ಲಾರ ಪ್ರೋಗ್ರಾಮಿನ್ಯಾಗೂ ತಪ್ಪಿತ್ತು. ಅಲ್ಗಾರಿದಮ್ ಬಗ್ಗೆ ದೊಡ್ಡ ಪುಸ್ತಕ ಬರದ ಡೊನಾಲ್ಡ್ ಕ್ನೂತ್ ಅವರ ಪ್ರಕಾರ ಮೊದಲನೇ ಬೈನರಿ ಸರ್ಚ್ ಪ್ರಕಟ ಆಗಿದ್ದು 1946ರಾಗ, ಎಷ್ಟ ಸಂಖ್ಯೆ ಇದ್ರೂ ತಪ್ಪಿಲ್ಲದ ನಡಿಯೋವಂಥಾದ್ದು ಪ್ರಕಟ ಆಗಿದ್ದು 1962ರಾಗ. ನಡುವ 16 ವರ್ಷ.

ಬೋರ್ಡಿನ ಮ್ಯಾಲ ಏಳ ಸಂಖ್ಯೆ ಬರೀತೀನಿ ನೋಡ್ರಿ: 11, 18, 24, 37, 42, 56, 63. ಜಾಗಾದ ನಂಬರು 0ದಿಂದ 6. ನಮಗ 42 ಬೇಕು. ಹುಡುಕೋ ಭಾಗದ ಮೊದಲನೇ ಜಾಗಾ ಲೋ, ಕಡೀದು ಹೈ, ನಡುವಿಂದು ಮಿಡ್: ಲೋ 0, ಹೈ 6, ಮಿಡ್ 3. ಅಲ್ಲೆ 37 ಐತಿ, ನಮ್ಮದು ದೊಡ್ಡದು, ಹಂಗಾರ ಲೋ 4 ಆತು. ಈಗ ಮಿಡ್ 5, ಅಲ್ಲೆ 56, ನಮ್ಮದು ಸಣ್ಣದು, ಹೈ 4 ಆತು. ಈಗ ಲೋನೂ 4, ಹೈನೂ 4. ಲೂಪಿನ ಷರತ್ತು "ಲೋ ಹೈಗಿಂತ ಸಣ್ಣದಿರೂತನಕ" ಅಂತ ಬರದಿದ್ರ ಇಲ್ಲೇ ನಿಂತ ಬಿಡ್ತೈತಿ, 42 ಕಣ್ಣ ಮುಂದ ಕುಂತಿದ್ರೂ ಇಲ್ಲ ಅಂತ ಉತ್ತರ ಬರ್ತೈತಿ. "ಸಣ್ಣದು ಅಥವಾ ಸಮ" ಅಂತ ಇರಬೇಕು. ಇನ್ನ, ಲೋ ಈಸ್ ಈಕ್ವಲ್ ಟು ಮಿಡ್ ಪ್ಲಸ್ 1 ಅನ್ನೂ ಜಾಗಾದಾಗ ಬರೇ ಮಿಡ್ ಅಂತ ಬರದು 63 ಹುಡುಕ್ರಿ, ಲೋ 3, 4, 5 ಅಂತ ಬರ್ತೈತಿ, ಆಮ್ಯಾಲ 5 ಮತ್ತ 6ರ ನಡುವಿಂದು ಮತ್ತ 5ನೇ, ಹೊಳ್ಳಿ 5, ಹೊಳ್ಳಿ 5, ಪ್ರೋಗ್ರಾಂ ನಿಂದ್ರೂದೇ ಇಲ್ಲ.

ಛಲೋ ಪುಸ್ತಕ ಇಲ್ಲೆ ಏನ್ ಮಾಡ್ತೈತಿ ಅಂದ್ರ, ಪ್ರೋಗ್ರಾಂ ಕೊಡೂಕಿಂತ ಮೊದಲ ಒಂದ ಮಾತು ಹೇಳ್ತೈತಿ: "ಹುಡುಕೋ ಸಂಖ್ಯೆ ಅರೇದಾಗ (ಸಂಖ್ಯೆಗಳ ಸಾಲಿನ್ಯಾಗ) ಇದ್ರ ಅದು ಲೋದಿಂದ ಹೈ ಒಳಗೇ ಇರ್ತೈತಿ, ಲೂಪಿನ ಪ್ರತಿ ಸುತ್ತಿನ್ಯಾಗೂ ಇದು ಖರೆ ಇರಬೇಕು." ಇದಕ್ಕ ಲೂಪ್ ಇನ್‌ವೇರಿಯಂಟ್ ಅಂತಾರ. ಈ ಒಂದ ಸಾಲು ಕೈಯಾಗಿದ್ರ ಪ್ಲಸ್ ಒನ್ ಎಲ್ಲೆ ಹಾಕಬೇಕು, ಈಕ್ವಲ್ ಎಲ್ಲೆ ಹಾಕಬೇಕು ಅನ್ನೂದನ್ನ ಬಾಯಿಪಾಠ ಮಾಡೂದು ಬ್ಯಾಡ, ತಾನೇ ಬರ್ತೈತಿ. ಇನ್‌ವೇರಿಯಂಟ್ ಅನ್ನೂ ಹೆಸರು ಬಳಸದಿದ್ರೂ ನಡೀತೈತಿ, ಆದ್ರ ಆ ವಿಚಾರ ಪುಸ್ತಕದಾಗ ಇರಬೇಕು.

ಅದರ ಮ್ಯಾಲ ಇನ್ನೊಂದ ಮೆಟ್ಟಲ ಐತಿ. ಮಿಡ್ ಹೆಂಗ ತಗೀತೀರಿ, ಲೋ ಮತ್ತ ಹೈ ಕೂಡಿಸಿ ಎರಡರಿಂದ ಭಾಗಿಸ್ತೀರಿ. ಎರಡೂ ದೊಡ್ಡವಿದ್ರ ಕೂಡಿಸಿದಾಗ ಇಂಟಿನ ಮಿತಿ ಮೀರ್ತೈತಿ. 4 ಬೈಟಿನ ಇಂಟ್ ತಡಕೊಳ್ಳೂದು 2147483647ರ ತನಕ, ಅರೇ 100 ಕೋಟಿ ದಾಟಿ ಬೆಳೆದ್ರ ಕೂಡಿಕಿ ಮೈನಸ್ ಆಗಿ ಪ್ರೋಗ್ರಾಂ ಬೀಳ್ತೈತಿ. ಇದೇ ಸಾಲು ಜಾವಾದ ಸ್ವಂತ ಲೈಬ್ರರ್ಯಾಗ ವರ್ಷಗಟ್ಟಲೆ ಕುಂತಿತ್ತು, ಬೆಂಟ್ಲಿಯವರ ಪುಸ್ತಕದಾಗೂ ಇತ್ತು, 2006ರಾಗ ಜೋಶುವಾ ಬ್ಲಾಕ್ ಅನ್ನೋರು ಇದನ್ನ ಬರದ ಮ್ಯಾಲ ಎಲ್ಲಾರೂ ಹೊಳ್ಳಿ ತಮ್ಮ ತಮ್ಮ ಪ್ರೋಗ್ರಾಂ ನೋಡಿಕೊಂಡ್ರು. ಲೋಗೆ, ಹೈನಿಂದ ಲೋ ಕಳದು ಅರ್ಧಾ ಮಾಡಿ ಕೂಡಿಸಿದ್ರ ಮುಗೀತು. ಮತ್ತ ಕೇಳ್ರಿ, ಮೊದಲ ಹೇಳಿದ 2 ಬೈಟಿನ ಟರ್ಬೊ ಸಿ ಇಂಟಿನ್ಯಾಗ ಈ ತಪ್ಪು ಕಾಣಸಾಕ 100 ಕೋಟಿ ಬೇಕಾಗಿಲ್ಲ, 16384ಕ್ಕಿಂತ ಒಂದ ಹೆಚ್ಚಾದ್ರ ಸಾಕು. ಅಂದ್ರ ಹಳೇ ಪುಸ್ತಕದವ್ರು ಒಂದ 20 ಸಾವಿರ ಸಂಖ್ಯೆ ಹಾಕಿ ಓಡಿಸಿ ನೋಡಿದ್ರ ಅವರಿಗೇ ಸಿಗ್ತಿತ್ತು. ಪೈಥಾನ್‌ದಾಗ ಈ ತ್ರಾಸ ಇಲ್ಲ, ಅದರ ಪೂರ್ಣಾಂಕಕ್ಕ ಮಿತಿ ಇಲ್ಲ, ಅದನ್ನೂ ಹೇಳೋ ಪುಸ್ತಕ ಇನ್ನೂ ಛಲೋ.

ಎರಡನೇ ಜಾಗಾ ಹ್ಯಾಶ್ ಟೇಬಲ್, ಅಂದ್ರ ಸಂಖ್ಯೆಯಿಂದನೇ ಲೆಕ್ಕ ಮಾಡಿ ಅದನ್ನ ಇಡೋ ಖಾನೆ ಗೊತ್ತು ಮಾಡೋ ರೀತಿ, ಅದರಾಗೂ ಅಳಿಸೂದು. ಸೇರಿಸೂದು ಹುಡುಕೂದು ಎಲ್ಲಾ ಪುಸ್ತಕದಾಗೂ ಇರ್ತೈತಿ, ಅಳಿಸೂದನ್ನ ಹಾರಿಸಿ ಬಿಡ್ತಾರ. 10 ಖಾನೆ ತಗೋರಿ, ಸಂಖ್ಯೆಯ ಕಡೀ ಅಂಕಿನೇ ಖಾನೆ ನಂಬರು, ಅದು ತುಂಬಿದ್ರ ಮುಂದಿಂದು. 15 ಬಂತು, 5ನೇ ಖಾನೆಗೆ ಹೋತು. 25 ಬಂತು, 5 ತುಂಬೈತಿ, 6ಕ್ಕ ಹೋತು. 35 ಬಂತು, 5 ತುಂಬೈತಿ, 6 ತುಂಬೈತಿ, 7ಕ್ಕ ಹೋತು. ಈಗ 25 ಅಳಸ್ರಿ, 6 ಖಾಲಿ ಆತು. ಈಗ 35 ಹುಡುಕ್ರಿ. 5ರಾಗ 15 ಐತಿ, ಮುಂದ ಹೋಗು, 6 ಖಾಲಿ, ಖಾಲಿ ಬಂತಂದ್ರ ಇಲ್ಲ ಅಂತ ಅರ್ಥ, ಹೊಳ್ಳಿ ಬಾ. 7ರಾಗ 35 ಕುಂತೈತಿ, ನಮ್ಮ ಪ್ರೋಗ್ರಾಂ ಇಲ್ಲ ಅಂತೈತಿ! ಅದಕ್ಕ ಅಳಿಸಿದ ಜಾಗಾನ ಖಾಲಿ ಅಂತ ಬಿಡಬಾರದು, "ಇಲ್ಲೆ ಒಂದಿತ್ತು, ತಗದೀವಿ" ಅಂತ ಗುರ್ತು ಇಡಬೇಕು. ಈ ಮೂರ ಸಂಖ್ಯೆಯ ಉದಾಹರಣೆ, ಅಥವಾ ಇಂಥಾದ್ದೇ ಇನ್ನೊಂದು, ಇಲ್ಲದ ಪುಸ್ತಕ ಹ್ಯಾಶಿಂಗ್ ಕಲಿಸಿಲ್ಲ ಅಂತನೇ ನಾ ಹೇಳ್ತೀನಿ.

ಉಳಿದ ಎರಡ ಜಾಗಾ ಲಗೂನ ಹೇಳ್ತೀನಿ. ಹೀಪ್, ಅಂದ್ರ ತಾಯಿ ನೋಡಿನ್ಯಾಗ ಮಕ್ಕಳಿಗಿಂತ ದೊಡ್ಡ (ಅಥವಾ ಸಣ್ಣ) ಸಂಖ್ಯೆ ಇರೋ ಗಿಡ, ಎನ್ ಸಂಖ್ಯೆಯಿಂದ ಅದನ್ನ ಕಟ್ಟೂದಕ್ಕ ಎಷ್ಟ ಹೊತ್ತು? ಒಂದೊಂದನ್ನೇ ಸೇರಸ್ಕೋತ ಹೋದ್ರ ಕೆಟ್ಟದ್ದಂದ್ರ ಎನ್ ಲಾಗ್ ಎನ್, ಕೆಳಗಿಂದ ಮ್ಯಾಲ ಸರಿಪಡಿಸ್ಕೋತ ಬಂದ್ರ ಬರೇ ಎನ್. ಯಾಕಂದ್ರ ಅರ್ಧಾ ನೋಡ್ ಎಲಿಗಳೇ, ಅವಕ್ಕ ಕೆಲಸಾನೇ ಇಲ್ಲ, ಕಾಲು ಭಾಗಕ್ಕ ಒಂದ ಮೆಟ್ಟಲ ಕೆಲಸ, ಎಂಟನೇ ಒಂದಕ್ಕ ಎರಡ ಮೆಟ್ಟಲ, ಹಂಗ. ಈ ಲೆಕ್ಕ ಪುಸ್ತಕದಾಗ ಐತೋ ನೋಡ್ರಿ. ಆಮ್ಯಾಲ ಡೈಕ್‌ಸ್ಟ್ರಾ ಚಾಪ್ಟರಿನ್ಯಾಗ ಮೈನಸ್ ತೂಕದ ಅಂಚು (ನೋಡ್ ಅಂದ್ರ ಊರು, ಅಂಚು ಅಂದ್ರ ದಾರಿ, ತೂಕ ಅಂದ್ರ ದೂರ ಅಂತ ತಿಳೀರಿ) ಯಾಕ ಬ್ಯಾಡ ಅನ್ನೂದನ್ನ ಬರೇ "ಅನ್ವಯ ಆಗೂದಿಲ್ಲ" ಅಂತ ಬಿಟ್ಟಾರೋ, ಉದಾಹರಣೆ ಕೊಟ್ಟಾರೋ. ಮೂರ ನೋಡ್ ಸಾಕು, ಎದಿಂದ ಬಿಗೆ 4, ಎದಿಂದ ಸಿಗೆ 5, ಸಿದಿಂದ ಬಿಗೆ ಮೈನಸ್ 3. ಡೈಕ್‌ಸ್ಟ್ರಾ ಬಿಗೆ 4 ಅಂತ ಮೊದಲೇ ಮುದ್ರಿ ಒತ್ತತೈತಿ, ಖರೇ ಉತ್ತರ 2.

ಇನ್ನ ಎಕ್ಸರ್ಸೈಜ್. ಹಿಂದ 10 ಪ್ರಶ್ನೆ ಇದ್ದು ಹತ್ತೂ "ವಿವರಿಸಿ", "ವ್ಯತ್ಯಾಸ ಬರೀರಿ" ಅಂತ ಇದ್ರ ಅವು ಪರೀಕ್ಷಾದ ಪ್ರಶ್ನೆ. "ಈ ಸಾಲು ತಗದ್ರ ಏನಾಗ್ತೈತಿ", "ಈ ಅಲ್ಗಾರಿದಮ್ ತಪ್ಪು ಉತ್ತರ ಕೊಡೋ ಇನ್‌ಪುಟ್ ಹುಡುಕು" ಅಂತ ಕೇಳೋ ಪುಸ್ತಕ ನಿಮ್ಮ ತಲಿ ಬೆಳಸ್ತೈತಿ. ಲೇಖಕರು ತಪ್ಪೊಪ್ಪೋಲೆ, ಅಂದ್ರ ಎರ್ರಾಟಾ, ಇಂಟರ್ನೆಟ್ಟಿನ್ಯಾಗ ಹಾಕ್ಯಾರೋ ಅದನ್ನೂ ನೋಡ್ರಿ. ಉದ್ದನ್ನ ಎರ್ರಾಟಾ ಕಂಡು ಹೆದರಬ್ಯಾಡ್ರಿ, ಅಷ್ಟ ಮಂದಿ ಕಣ್ಣಿಟ್ಟ ಓದ್ಯಾರ, ಲೇಖಕರೂ ಕಿವಿಗೊಟ್ಟಾರ ಅಂತ ಅದರ ಅರ್ಥ. ಕ್ನೂತ್ ಅವರು ತಮ್ಮ ಪುಸ್ತಕದಾಗ ಹೊಸಾ ತಪ್ಪು ಮೊದಲ ಹುಡುಕಿದವ್ರಿಗೆ 2 ಡಾಲರ್ 56 ಸೆಂಟಿನ ಚೆಕ್ ಬರದ ಕೊಡೋ ಪದ್ಧತಿ 2008ರ ತನಕ ಇಟ್ಟಕೊಂಡಿದ್ರು, ಆಮ್ಯಾಲ ಚೆಕ್ಕಿನ ಬದಲಿ ಸರ್ಟಿಫಿಕೇಟ್ ಕೊಡಾಕತ್ರು.

ಸರಿ, ಈಗ ಹೆಸರು. ಯಾರ್ಯಾರಿಗೆ ಏನ್ ಅಂತ ನನ್ನ ಅಭಿಪ್ರಾಯ ಹೇಳ್ತೀನಿ, ಇದು ಅಭಿಪ್ರಾಯ ಅಷ್ಟೇ, ಮ್ಯಾಲ ಹೇಳಿದ ಜಾಗಾ ನೀವೇ ತೆರದ ನೋಡಿ ಪರೀಕ್ಷಾ ಮಾಡ್ರಿ.

ಇಲ್ಲಿರೋ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಹುಡುಗರಿಗೆ ಎರಡ ಹೆಸರು ಸಿಲಬಸ್‌ದಾಗೇ ಕಂಡಿರ್ತಾವ, ಡೇಟಾ ಸ್ಟ್ರಕ್ಚರಿಗೆ ಹೊರೊವಿಟ್ಜ್ ಮತ್ತ ಸಾಹ್ನಿ, ಅಲ್ಗಾರಿದಮ್‌ಗೆ ಅನಾನಿ ಲೆವಿಟಿನ್. ನೋಟ್ಸ್ ಓದಿ ಪಾಸಾಗಿ ಈ ಎರಡನ್ನೂ ತೆರದೇ ನೋಡದೇ ಡಿಗ್ರಿ ಮುಗಿಸೋರು ಭಾಳ ಮಂದಿ ಅದಾರ, ಅದು ನಂಗ ಭಾಳ ಬ್ಯಾಸರದ ಮಾತು, ಯಾಕಂದ್ರ ಲೆವಿಟಿನ್ ಪುಸ್ತಕ ನಮ್ಮ ಹುಡುಗರಿಗೆ ಹೇಳಿ ಮಾಡಿಸಿದಂಗ ಐತಿ. ಅದರಾಗ ಸಾರ್ಟಿಂಗ್ ಒಂದ ಕಡೆ, ಗ್ರಾಫ್ ಒಂದ ಕಡೆ ಅಂತ ಇಲ್ಲ, ವಿಚಾರ ಮಾಡೋ ರೀತಿ ಮ್ಯಾಲ ಚಾಪ್ಟರ್ ಅದಾವ: ಎಲ್ಲಾ ಸಾಧ್ಯತೆ ನೋಡೂದು, ಒಂದ ಕಡಿಮಿ ಮಾಡಿ ಬಿಡಿಸೂದು, ಒಡದು ಬಿಡಿಸೂದು, ರೂಪ ಬದಲಿಸಿ ಬಿಡಿಸೂದು. ಹೊಸಾ ಪ್ರಾಬ್ಲಮ್ ಮುಂದ ಬಂದಾಗ "ಇದನ್ನ ಯಾವ ದಾರೀಲಿ ಹಿಡೀಲಿ" ಅಂತ ಕೇಳಿಕೊಳ್ಳೋ ರೂಢಿ ಇದರಿಂದ ಬರ್ತೈತಿ, ಮತ್ತ ಎಕ್ಸರ್ಸೈಜಿಗೆ ಹಿಂದ ಸುಳಿವು ಕೊಟ್ಟಾರ, ಮನ್ಯಾಗ ಒಬ್ಬರೇ ಕುಂತ ಓದೋರಿಗೆ ಅದು ದೊಡ್ಡ ಆಸರ. ಸಿಲಬಸ್‌ದಾಗ ಐತಿ ಅನ್ನೂ ಒಂದೇ ಕಾರಣಕ್ಕ ಅದನ್ನ ಕಡಿಮಿ ಅಂತ ತಿಳೀಬ್ಯಾಡ್ರಿ.

ಎಲ್ಲಾರೂ ಹೇಳೋ ದಪ್ಪ ಪುಸ್ತಕ ಅಂದ್ರ ಇಂಟ್ರೊಡಕ್ಷನ್ ಟು ಅಲ್ಗಾರಿದಮ್ಸ್, ಕಾರ್ಮೆನ್ ಪುಸ್ತಕ ಅಂತಾರ, ಸಿಎಲ್‌ಆರ್‌ಎಸ್ ಅಂತಾರ. 1990ರಾಗ ಕಾರ್ಮೆನ್, ಲೈಸರ್‌ಸನ್, ರಿವೆಸ್ಟ್ ಮೂವರು ಬರದ್ರು, 2001ರಾಗ ಸ್ಟೈನ್ ಕೂಡಿಕೊಂಡ್ರು, ನಾಲ್ಕನೇ ಆವೃತ್ತಿ 2022ರಾಗ ಬಂತು, 1300 ಪುಟದ ಆಸುಪಾಸು. ಇದು ಶ್ರೇಷ್ಠ ಪುಸ್ತಕ, ಅದರಾಗ ಎರಡ ಮಾತಿಲ್ಲ. ಎರಡನೇ ಚಾಪ್ಟರಿನ್ಯಾಗೇ ಇನ್ಸರ್ಷನ್ ಸಾರ್ಟ್ ಹಿಡದು ಲೂಪ್ ಇನ್‌ವೇರಿಯಂಟ್ ಅಂದ್ರ ಏನು ಅನ್ನೂದನ್ನ ಅಗದಿ ನಿಧಾನಕ್ಕ ಹೇಳ್ತಾರ, ಹೀಪಿನ ಲೆಕ್ಕಾನೂ ಪೂರಾ ಐತಿ. ಆದ್ರ ಬೈನರಿ ಸರ್ಚ್ ಅದರಾಗ ಒಂದ ಎಕ್ಸರ್ಸೈಜ್ ಆಗಿ ಬರ್ತೈತಿ, ನೀವೇ ಬರೀರಿ ಅಂತ ಬಿಟ್ಟಾರ. ಇದರ ಮ್ಯಾಲೇ ಗೊತ್ತಾಗ್ತೈತಿ, ಓದೋರಿಗೆ ಒಂದಿಷ್ಟ ತಯಾರಿ ಆಗೈತಿ ಅಂತ ಹಿಡದ ಬರದಾರ. ಪ್ರೋಗ್ರಾಂ ಎಲ್ಲಾ ಸೂಡೊಕೋಡ್, ಅಂದ್ರ ಯಾವ ಒಂದ ಭಾಷಾಕ್ಕೂ ಸೇರದ ಬರವಣಿಗಿ, ಮೊದಲ ಮೂರ ಆವೃತ್ತ್ಯಾಗ ಅರೇ ಸಾಮಾನ್ಯವಾಗಿ 1ರಿಂದ ಎಣಸ್ತಾರ, ಸಿ ಭಾಷಾಕ್ಕ ಇಳಿಸುವಾಗ ಹುಷಾರಿ ಬೇಕು. ಎಂಟೆಕ್ ಪ್ರವೇಶದ ಗೇಟ್ ಪರೀಕ್ಷಾ ಬರೆಯೋರು, ಎಂಟೆಕ್ ಮಾಡೋರು, ಕಲಿಸೋ ಮೇಷ್ಟ್ರು, ಇವರ ಮನ್ಯಾಗ ಇದು ಇರಲೇಬೇಕು. ಮೊದಲನೇ ಸಲ ಪಾಯಿಂಟರ್ ನೋಡಾಕತ್ತ ಹುಡುಗನ ಕೈಯಾಗ ಇದನ್ನ ಕೊಡೂದು ಮಾತ್ರ ಅನ್ಯಾಯ.

ಜಾವಾ ಬರ್ತೈತಿ, ಪ್ರೋಗ್ರಾಂ ಓಡಿಸಿ ನೋಡಿ ಕಲಿಯೂದು ನಂಗ ಸೇರ್ತೈತಿ ಅನ್ನೋರಿಗೆ ಸೆಡ್ಜ್‌ವಿಕ್ ಮತ್ತ ವೇನ್ ಬರದ ಅಲ್ಗಾರಿದಮ್ಸ್, ನಾಲ್ಕನೇ ಆವೃತ್ತಿ 2011ರದು. ಅದರಾಗ ಯೂನಿಯನ್-ಫೈಂಡ್ (ಯಾವ್ಯಾವು ಒಂದಕ್ಕೊಂದು ಕೂಡ್ಯಾವ ಅಂತ ಹುಡುಕೂದು) ಅನ್ನೂ ಒಂದೇ ಪ್ರಾಬ್ಲಮ್ ಹಿಡದು ಮೊದಲ ಸಾದಾ ಉತ್ತರ, ಅದರ ಕೊರತಿ, ಆಮ್ಯಾಲ ಸುಧಾರಣಾ, ಅದರ ಕೊರತಿ, ಹಿಂಗ ಕೈ ಹಿಡದ ಕರಕೊಂಡ ಹೋಗ್ತಾರ, ಅರೇ ಹೆಂಗ ಬದಲಾಗ್ತೈತಿ ಅನ್ನೂದನ್ನ ಹಂತ ಹಂತಕ್ಕ ಚಿತ್ರದಾಗ ತೋರಸ್ತಾರ. ಕೆಲಸಾ ಮಾಡ್ಕೋತ ಇಂಟರ್‌ವ್ಯೂಗೆ ತಯಾರಿ ಮಾಡೋರಿಗೆ ಸ್ಕೀನಾ ಅವರ ಅಲ್ಗಾರಿದಮ್ ಡಿಸೈನ್ ಮ್ಯಾನ್ಯುಯಲ್, ಮೂರನೇ ಆವೃತ್ತಿ 2020, ಅರ್ಧಾ ಪುಸ್ತಕ ಪಾಠ, ಇನ್ನರ್ಧಾ ಪ್ರಾಬ್ಲಮ್‌ಗಳ ಕೋಶ ಇದ್ದಂಗ. ಅದರಾಗ ತಮ್ಮ ಕೆಲಸದಾಗ ಬಂದ ಖರೇ ಪ್ರಾಬ್ಲಮ್ ಹೆಂಗ ಬಿಡಿಸಿದ್ರು ಅನ್ನೂ ಕಥೆಗಳು ಭಾಳ ಕಲಸ್ತಾವ. ತೆಳ್ಳಗಿರಬೇಕು, ಗಣಿತಕ್ಕ ಹೆದರಿಕಿ ಇಲ್ಲ ಅನ್ನೋರಿಗೆ ದಾಸ್‌ಗುಪ್ತ, ಪಾಪಾದಿಮಿತ್ರಿಯು, ವಾಜಿರಾನಿ ಮೂವರು ಬರದ ಪುಸ್ತಕ. ಕ್ಲೈನ್‌ಬರ್ಗ್ ಮತ್ತ ಟಾರ್ಡೋಸ್ ಅವರ ಪುಸ್ತಕ ಎರಡನೇ ಸುತ್ತಿನ ಓದಿಗೆ.

ರೊಕ್ಕ ಇಲ್ಲ ಅಂತ ಯಾರೂ ಹಿಂದ ಉಳೀಬ್ಯಾಡ್ರಿ. ಜೆಫ್ ಎರಿಕ್‌ಸನ್ ಅವರ ಅಲ್ಗಾರಿದಮ್ಸ್, 2019ರದು, ಲೇಖಕರೇ ಪುಕ್ಕಟೆ ಪಿಡಿಎಫ್ ಇಟ್ಟಾರ, ರಿಕರ್ಷನ್ (ಫಂಕ್ಷನ್ ತನ್ನನ್ನ ತಾನೇ ಕರಿಯೂದು) ಅವರು ಹೇಳಿದಷ್ಟ ಚಂದ ಇನ್ನ್ಯಾರೂ ಹೇಳಿದ್ದನ್ನ ನಾ ಓದಿಲ್ಲ. ಪ್ಯಾಟ್ ಮೋರಿನ್ ಅವರ ಓಪನ್ ಡೇಟಾ ಸ್ಟ್ರಕ್ಚರ್ಸ್ ಕೂಡ ಪುಕ್ಕಟೆನೇ. ನಮ್ಮ ದೇಶದಾಗೇ ಪುಕ್ಕಟೆ ಆನ್‌ಲೈನ್ ಪಾಠ ಇರೋ ಎನ್‌ಪಿಟಿಇಎಲ್‌ದಾಗ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟಿನ ಮಾಧವನ್ ಮುಕುಂದ್ ಅವರ ಪಾಠ ಅದಾವ, ಪೈಥಾನ್ ಹಿಡದು ಡೇಟಾ ಸ್ಟ್ರಕ್ಚರ್ ಕಲಸೂದೂ ಐತಿ, ಪುಸ್ತಕದ ಜೋಡಿ ಅದನ್ನ ನೋಡ್ರಿ. ಮತ್ತ ಕಾಲೇಜಿನ ಲೈಬ್ರರಿ! ಹುಬ್ಬಳ್ಳಿ-ಧಾರವಾಡದಾಗ ಎಂಜಿನಿಯರಿಂಗ್ ಕಾಲೇಜಿಗೆ ಬರ ಇಲ್ಲ, ಬಿ.ವಿ.ಬಿ. (ಈಗಿನ ಕೆಎಲ್‌ಇ ಟೆಕ್ನಾಲಾಜಿಕಲ್ ಯುನಿವರ್ಸಿಟಿ) 1947ರಿಂದ ಐತಿ, ಐಐಟಿನೂ 2016ರಾಗ ಧಾರವಾಡಕ್ಕ ಬಂತು. ಖರೀದಿ ಮಾಡೂಕಿಂತ ಮೊದಲ ನಿಮ್ಮ ನಿಮ್ಮ ಕಾಲೇಜಿನ ಲೈಬ್ರರಿಯಿಂದ ಒಂದ ವಾರ ಮನಿಗೆ ಒಯ್ದು ಒಂದ ಚಾಪ್ಟರ್ ಪೂರಾ ಮಾಡಿ ನೋಡ್ರಿ, ಸೇರಿದ್ರ ಕೊಳ್ರಿ.

ಹೆಂಗ ಓದಬೇಕು ಅನ್ನೂದು ಇನ್ನೊಂದ ಭಾಷಣ ಆಗ್ತೈತಿ, ಒಂದ ಮಾತು ಮಾತ್ರ ಹೇಳ್ತೀನಿ. ಪೆನ್ಸಿಲ್ ಇಲ್ಲದ ಈ ಪುಸ್ತಕ ಓದಬ್ಯಾಡ್ರಿ. ಗ್ರಾಫ್ ಚಾಪ್ಟರ್ ಬಂತಂದ್ರ ಪುಸ್ತಕದ ಎ ಬಿ ಸಿ ಬಿಟ್ಟು ನಮ್ಮ ಊರು ಬರಕೋರಿ: ಧಾರವಾಡ-ಹುಬ್ಬಳ್ಳಿ ಸುಮಾರು 20 ಕಿಲೊಮೀಟರು, ಹುಬ್ಬಳ್ಳಿ-ಗದಗ 60ರ ಹತ್ತಿರ, ಹುಬ್ಬಳ್ಳಿ-ಹಾವೇರಿ 70ರ ಮ್ಯಾಲ, ನಡುವ ಲಕ್ಷ್ಮೇಶ್ವರ, ಶಿಗ್ಗಾವಿ, ಸವಣೂರ ಸೇರಸ್ರಿ, ರಸ್ತೆ ಬೋರ್ಡಿನ ಮ್ಯಾಲಿನ ದೂರ ಹಾಕ್ರಿ, ಗದಗಿನಿಂದ ಹಾವೇರಿಗೆ ಕೈಲೇ ಡೈಕ್‌ಸ್ಟ್ರಾ ನಡಸ್ರಿ. ದಾರಿ ನಿಮಗ ಮೊದಲೇ ಗೊತ್ತಿರ್ತೈತಿ, ಅದಕ್ಕ ಅಲ್ಗಾರಿದಮ್ ಎಲ್ಲೆ ಏನ್ ವಿಚಾರ ಮಾಡಾಕತ್ತೈತಿ ಅನ್ನೂದ್ರ ಮ್ಯಾಲ ಪೂರ್ತಿ ಲಕ್ಷ್ಯ ಇಡಾಕ ಬರ್ತೈತಿ.

ಇನ್ನ ಪ್ರಶ್ನೆಗಳು.

ಗದಗ ಕಡೆಯಿಂದ ಬಂದ ಒಬ್ಬ ತಂಗಿ ಎದ್ದ ನಿಂತು ಕೇಳಿದ್ಲು: "ಸರ್, ನಾ ಹತ್ತನೇತ್ತೆ ತನಕ ಕನ್ನಡ ಮೀಡಿಯಂ. ಈ ಪುಸ್ತಕದ ಇಂಗ್ಲಿಷೇ ತಿಳಿಯಂಗಿಲ್ಲ, ಗಣಿತ ಆಮ್ಯಾಲಿನ ಮಾತು. ನಾ ಏನ್ ಮಾಡ್ಲಿ?"

ನೋಡವಾ, ಇದು ಇವತ್ತಿನ ಎಲ್ಲಾ ಪ್ರಶ್ನೆಕ್ಕಿಂತ ದೊಡ್ಡದು. ಮೊದಲನೇ ಮಾತು, ಈ ಪುಸ್ತಕದ ಇಂಗ್ಲಿಷ್ ಕಾದಂಬರಿ ಇಂಗ್ಲಿಷ್ ಅಲ್ಲ. ಬರೋ ಶಬ್ದ ಕಡಿಮಿ, ಅವೇ ಅವೇ ಹೊಳ್ಳಿ ಹೊಳ್ಳಿ ಬರ್ತಾವ. ಮೊದಲನೇ 40 ಪುಟ ಗುಡ್ಡ ಹತ್ತಿದಂಗ ಆಗ್ತೈತಿ, ಅಲ್ಲಿಂದ ಮುಂದ ಸಲೀಸು. ಚಾಪ್ಟರ್ ಓದಾಕ ಕೂಡೂಕಿಂತ ಮೊದಲ ಅದರ ಉದಾಹರಣೆ ಅಂಕಿ ತಗೊಂಡು ಕೈಲೇ ಬಿಡಿಸವಾ, ಅಂಕಿಗೆ ಭಾಷಾ ಇಲ್ಲ. ಉದಾಹರಣೆ ತಿಳದ ಮ್ಯಾಲ ವಾಕ್ಯ ಓದಿದ್ರ ಅರ್ಧಾ ಅರ್ಥ ಮೊದಲೇ ಗೊತ್ತಿರ್ತೈತಿ. ಆಮ್ಯಾಲ ಪುಟದ ಅಂಚಿನ್ಯಾಗ ಕನ್ನಡದಾಗ ಬರಿ, "ಇಲ್ಲೆ ಲೋ ಮುಂದ ಸರೀತೈತಿ, ಯಾಕಂದ್ರ ನಡುವಿಂದು ಸಣ್ಣದು" ಅಂತ ನೀ ಮನ್ಯಾಗ ಮಾತಾಡೋ ಕನ್ನಡದಾಗೇ ಬರಿ. ಪುಸ್ತಕ ಆರಸೂಮುಂದ ಚಿತ್ರ, ಬಿಡಿಸಿದ ಉದಾಹರಣೆ ಹೆಚ್ಚ ಇದ್ದದ್ದನ್ನ ಆರಸು, ಲೆವಿಟಿನ್ ಇಲ್ಲಾಂದ್ರ ಸೆಡ್ಜ್‌ವಿಕ್. ಮತ್ತ ನಾವೆಲ್ಲಾ ಕಲಿಸೋರು ಕನ್ನಡದಾಗ ಇದನ್ನ ಛಲೋತ್ನಾಗಿ ಬರೀಬೇಕು, ಅದು ನಮ್ಮ ಮ್ಯಾಲಿನ ಬಾಕಿ.

ಡಿಪ್ಲೊಮಾ ಓದೋ ಹುಡುಗ ಕೇಳಿದ: "ಸಿ ಪುಸ್ತಕಾನೋ ಪೈಥಾನ್ ಪುಸ್ತಕಾನೋ ಸರ್? ಎಲ್ಲಾರೂ ಪೈಥಾನ್ ಅಂತಾರ."

ನಿಂಗ ಯಾವುದು ಈಗಾಗಲೇ ಬರ್ತೈತೋ ಅದರಾಗ ತಮ್ಮಾ. ಹೊಸಾ ಭಾಷಾ, ಹೊಸಾ ವಿಷಯ ಎರಡೂ ಒಮ್ಮೆಲೇ ಬ್ಯಾಡ. ಆದ್ರ ಪೈಥಾನ್ ಪುಸ್ತಕ ಆದ್ರ ಒಂದ ಪರೀಕ್ಷಾ ಮಾಡು. ಪೈಥಾನಿನ ಲಿಸ್ಟ್ ಒಳಗ ಅರೇನೇ ಇರ್ತೈತಿ, ಲಿಂಕ್ಡ್ ಲಿಸ್ಟ್ ಅಲ್ಲ. ಅದರ ಮುಂದಿನ ತುದಿಯಿಂದ ಒಂದ ತಗದ್ರ ಉಳಿದಿದ್ದೆಲ್ಲಾ ಒಂದೊಂದ ಜಾಗಾ ಸರೀಬೇಕು. ಕ್ಯೂ, ಅಂದ್ರ ಮೊದಲ ಬಂದದ್ದು ಮೊದಲ ಹೋಗೋ ಸಾಲು, ಬರೆಯೂಮುಂದ ಪುಸ್ತಕ ಲಿಸ್ಟಿನ ಮುಂದಿನ ತುದಿಯಿಂದ ತಗದು ಸುಮ್ಮನಾದ್ರ, 10 ಲಕ್ಷ ಮಂದಿ ಸಾಲು ಆದಾಗ ಏನಾಗ್ತೈತಿ ಅಂತ ಹೇಳದಿದ್ರ, ಆ ಪುಸ್ತಕ ಬ್ಯಾಡ. ಡೆಕ್, ಅಂದ್ರ ಎರಡೂ ತುದಿಯಿಂದ ಲಗೂನ ಸೇರಿಸಾಕ ತಗ್ಯಾಕ ಬರೋ ಸಾಲು, ಯಾಕ ಬೇಕು ಅಂತ ಹೇಳಿದ್ರ ತಗೊ. ಈ 10 ಲಕ್ಷದ ಲೆಕ್ಕ ಎಲ್ಲಾರೂ ತಲ್ಯಾಗ ಇಟಗೋರಿ: ಎನ್ ಸ್ಕ್ವೇರ್ ಅಂದ್ರ 1 ಲಕ್ಷ ಕೋಟಿ ಹೆಜ್ಜಿ, ಸೆಕೆಂಡಿಗೆ 10 ಕೋಟಿ ಹೆಜ್ಜಿ ಅಂತ ಹಿಡದ್ರೂ 10000 ಸೆಕೆಂಡು, ಪೌಣೆ ಮೂರು ತಾಸು. ಎನ್ ಲಾಗ್ ಎನ್ ಅಂದ್ರ ಸುಮಾರು 2 ಕೋಟಿ, ಸೆಕೆಂಡಿನ ಐದನೇ ಒಂದ ಭಾಗ.

ಕಡೀ ಪ್ರಶ್ನೆ ಹಾವೇರಿಯಿಂದ ಬಂದ ಮೇಷ್ಟ್ರದು: "ಹಳೇ ಆವೃತ್ತಿ ಸೆಕೆಂಡ್ ಹ್ಯಾಂಡ್ ಸಿಗ್ತಾವಲ್ರಿ, ತಗೊಳ್ಳಾಕ ಹೇಳಬಹುದೇನ್ರಿ ಹುಡುಗರಿಗೆ?"

ಧೈರ್ಯದಿಂದ ಹೇಳ್ರಿ ಸರ್. ಈ ವಿಷಯದಾಗ ಆವೃತ್ತಿ ಬದಲಾದ್ರ ಬುನಾದಿ ಬದಲಾಗಂಗಿಲ್ಲ. ಕಾರ್ಮೆನ್ ಪುಸ್ತಕದ 2009ರ ಮೂರನೇ ಆವೃತ್ತಿ ಸಿಕ್ರ ಬಿಡಬ್ಯಾಡ್ರಿ, ನಾಲ್ಕನೇದ್ರಾಗ ಬೈಪಾರ್ಟೈಟ್ ಮ್ಯಾಚಿಂಗ್, ಆನ್‌ಲೈನ್ ಅಲ್ಗಾರಿದಮ್, ಮಶೀನ್ ಲರ್ನಿಂಗ್ ಅಂತ ಹೊಸಾ ಚಾಪ್ಟರ್ ಬಂದಾವ, ಫಿಬೊನಾಚಿ ಹೀಪು, ಕಂಪ್ಯುಟೇಶನಲ್ ಜಿಯಾಮೆಟ್ರಿ ಹೊರಗ ಹೋಗ್ಯಾವ, ಬಿಇ ಹುಡುಗರಿಗೆ ಎರಡೂ ನಡೀತಾವ. ಹಳೇ ಪುಸ್ತಕ ಕೊಳ್ಳೂಮುಂದ ಬೆಲಿ ಮಾತಾಡೂಕಿಂತ ಮೊದಲ ಹಿಂದಿನ ಪುಟ ತಿರವಿ ನೋಡಾಕ ಹೇಳ್ರಿ. ಕವರ್ ಹರದಿದ್ರ ನಡೀತೈತಿ, ಯಾರೋ ಪೆನ್ನಿಲೆ ಗೀಚಿದ್ರೂ ನಡೀತೈತಿ, ಇಂಡೆಕ್ಸಿನ ಪುಟ ಹೋಗಿದ್ರ ಮಾತ್ರ ತಗೊಳ್ಳೂದು ಬ್ಯಾಡ, ಯಾಕಂದ್ರ ಎರಡನೇ ವರ್ಷದಿಂದ ಮುಂದ ಆ ಪುಸ್ತಕಾನ ಎಲ್ಲಾರೂ ತೆರೆಯೂದು ಹಿಂದಿನಿಂದಾನೇ.